ಗದಗಿನ ಮೂಲಸಹಿ

ಲೋಕದ ಯಂತ್ರಗಳು ಕಂಡವರ ಮಾತನ್ನೆಲ್ಲ ಕೇಳುವುದನ್ನು ಬಿಟ್ಟು ಆಗಲೇ ಬಹಳ ವರ್ಷಗಳಾಗಿದ್ದವು. ಯಾವುದೋ ದೇಶದಲ್ಲಿ ಕಳ್ಳರು ಆಸ್ಪತ್ರೆಯ ಹೆಸರು ಹೇಳಿಕೊಂಡು ರೋಗಿಗಳ ಯಂತ್ರಗಳಿಗೆ ಸುಳ್ಳು ಆಜ್ಞೆ ಕಳಿಸಿದ್ದರು. ಒಂದೇ ಬೆಳಗಿನಲ್ಲಿ ಸಾಲುಸಾಲಾಗಿ ಜನ ಸತ್ತಿದ್ದರು. ಆಮೇಲೆ ಬಂದ ಕಾನೂನು ಇದು: ವೈದ್ಯಕೀಯ ಯಂತ್ರ ಯಾವುದೇ ಇರಲಿ, ಆಜ್ಞೆ ಕೊಡುವ ಸರ್ವರ್ ಕಂಪ್ಯೂಟರನ್ನು ಅದು ಮೊದಲು ತಡೆದು ಕೇಳಬೇಕು. ನೀನು ಯಾರು? ನೀನೇ ಅವನು ಎಂದು ಸಹಿ ಹಾಕಿದವರು ಯಾರು? ಆ ಸಹಿ ತನಗೆ ಪರಿಚಯದ್ದಾದರೆ ಮಾತ್ರ ಕೇಳಬೇಕು, ಇಲ್ಲದಿದ್ದರೆ ಸುಮ್ಮನಿರಬೇಕು.

ಹೀಗೆ ಸಹಿ ಹಾಕುವ ಕೆಲಸವನ್ನು ಸಮುದ್ರದಾಚೆಯ ಒಂದು ಕಂಪನಿ ಮಾಡುತ್ತಿತ್ತು. ಗದಗ ಜಿಲ್ಲೆಯ ಸಹಕಾರಿ ಮೂತ್ರಪಿಂಡ ಕೇಂದ್ರದ ಸರ್ವರ್‌ಗೂ ಅದೇ ಕಂಪನಿಯ ಸಹಿಯಿತ್ತು. ಜಿಲ್ಲೆಯಲ್ಲಿ ಕಿಡ್ನಿ ಕೆಟ್ಟವರು ಆಸ್ಪತ್ರೆಗೆ ಅಲೆದಾಡುವುದು ತಪ್ಪಿ ಎಷ್ಟೋ ಕಾಲವಾಗಿತ್ತು. ಹೊಲಿಗೆ ಯಂತ್ರದಷ್ಟು ದೊಡ್ಡದಾದ ಪೆಟ್ಟಿಗೆಯೊಂದು ಮನೆಯಲ್ಲೇ ರಕ್ತ ಸೋಸುತ್ತಿತ್ತು. ಜನ ಅದನ್ನು ಸೋಸುಪೆಟ್ಟಿಗೆ ಎನ್ನುತ್ತಿದ್ದರು. ರೋಗಿಯ ಮೈಯಿಂದ ಇಂದು ಎಷ್ಟು ನೀರು ತೆಗೆಯಬೇಕು, ಎಷ್ಟು ಉಪ್ಪು ಬಿಡಬೇಕು ಎಂಬ ಅಳತೆ ಪ್ರತಿ ಸಲವೂ ಕೇಂದ್ರದ ಸರ್ವರಿನಿಂದ ಬರಬೇಕಿತ್ತು. ಅಳತೆ ಬರದಿದ್ದರೆ ಪೆಟ್ಟಿಗೆ ಕೆಲಸ ಶುರು ಮಾಡುತ್ತಿರಲಿಲ್ಲ.

ಆ ಕಂಪನಿ ಬಾಗಿಲು ಮುಚ್ಚಿತು. ಅದರ ಸಹಿಯ ಅವಧಿ ಯುಗಾದಿಯ ಹೊತ್ತಿಗೆ ಮುಗಿಯುತ್ತಿತ್ತು, ಮುಂದುವರಿಸಲು ಅಲ್ಲಿ ಯಾರೂ ಉಳಿದಿರಲಿಲ್ಲ. ಉಳಿದ ಕಂಪನಿಗಳ ಮುಂದೆ ಇಡೀ ಲೋಕವೇ ಪಾಳಿ ಹಚ್ಚಿತ್ತು. ಗದಗಿನಂಥ ಊರಿನ ಪಾಳಿ ಯಾವಾಗ ಬರುತ್ತದೆಂದು ಯಾರೂ ಹೇಳುವಂತಿರಲಿಲ್ಲ.

ಕೇಂದ್ರದ ಸರ್ವರುಗಳನ್ನು ನೋಡಿಕೊಳ್ಳುತ್ತಿದ್ದವಳು ವಿಶಾಲಾಕ್ಷಿ ಹೊಂಬಳ. ಐವತ್ತರ ಹತ್ತಿರದ ಎಂಜಿನಿಯರು. ಸುದ್ದಿ ಬಂದ ದಿನವೇ ಅಧ್ಯಕ್ಷ ಫಕೀರಗೌಡರು ನಿಯಂತ್ರಣ ಕೊಠಡಿಗೆ ಬಂದು ಕುರ್ಚಿ ಎಳೆದುಕೊಂಡು ಕೂತರು. ಜೊತೆಗೆ ಹಿರಿಯ ವೈದ್ಯೆ ರಜಿಯಾ ನದಾಫ ಇದ್ದರು. ಗೋಡೆಯ ಪರದೆಯ ಮೇಲೆ ಜಿಲ್ಲೆಯ ಸೋಸುಪೆಟ್ಟಿಗೆಗಳೆಲ್ಲ ಹಸಿರು ಚುಕ್ಕೆಗಳಾಗಿ ಮಿನುಗುತ್ತಿದ್ದವು.

"ಹಂಗಾರ ಆ ಸಹಿ ಪರೀಕ್ಷೆನ ತಗದಬಿಡ್ರಿ," ಎಂದರು ಗೌಡರು. "ಪೆಟ್ಟಿಗಿ ನಮ್ಮವು, ಸರ್ವರ್ ನಮ್ಮದು, ಮಂದಿ ನಮ್ಮವ್ರು. ನಮ್ಮನಿಯೊಳಗ ನಾವ ಯಾಕ ಸಂಶಯ ಪಡಬೇಕು?"

"ಮನಿ ನಮ್ಮದಂತ ಕದಾ ಕಿತ್ತು ಒಗೀತೇವೇನ್ರಿ ಗೌಡ್ರ?" ವಿಶಾಲಾಕ್ಷಿ ಪರದೆಯತ್ತ ಕೈ ತೋರಿಸಿದಳು. "ಪರೀಕ್ಷೆ ತಗದ್ರ ಪೆಟ್ಟಿಗಿಗೆ ನಾವು ಹೇಳಿದ್ದೂ ಒಂದ, ಕಳ್ಳ ಹೇಳಿದ್ದೂ ಒಂದ."

"ಅಳತಿ ಒಂದ ಸಲ ತಪ್ಪಿದ್ರ ಸಾಕು," ಎಂದರು ರಜಿಯಾ. "ನಾನು ಹೋಗಿ ಮುಟ್ಟೂದ್ರೊಳಗ ಮನಷ್ಯಾ ಇರೂದಿಲ್ಲ. ಆ ಹಾದಿ ಬ್ಯಾಡ."

"ಮತ್ತ ಮಾಡೂದೇನು?"

ವಿಶಾಲಾಕ್ಷಿ ಬೆಳಗಿನಿಂದ ಅದನ್ನೇ ಯೋಚಿಸುತ್ತಿದ್ದಳು. "ನಾವ ಸಹಿ ಹಾಕೂಣ್ರಿ," ಎಂದಳು.

"ನಾವಂದ್ರ ಯಾರು?"

"ನಾವಂದ್ರ ನಾವ. ಗದಗ ಜಿಲ್ಲಾ."

ಗೌಡರಿಗೆ ಅದು ತಮಾಷೆಯೆನಿಸಿತು. ಆದರೆ ವಿಶಾಲಾಕ್ಷಿ ತಮಾಷೆ ಮಾಡುತ್ತಿರಲಿಲ್ಲ. ಸಹಿ ಎಂದರೆ ಎರಡು ದೊಡ್ಡ ಸಂಖ್ಯೆಗಳ ಜೋಡಿ, ಒಂದು ಗುಟ್ಟಿನದು, ಇನ್ನೊಂದು ಬಹಿರಂಗದ್ದು ಎಂದು ಆಕೆ ಬಿಡಿಸಿ ಹೇಳಿದಳು. ಗುಟ್ಟಿನ ಕೀಲಿಯಿಂದ ಸಹಿ ಹಾಕುತ್ತಾರೆ, ಆ ಸಹಿ ಖರೆಯೋ ಸುಳ್ಳೋ ಎಂದು ಬಹಿರಂಗ ಕೀಲಿಯಿಂದ ಯಾರು ಬೇಕಾದರೂ ನೋಡಬಹುದು. ಆ ಕಂಪನಿಯ ಹತ್ತಿರ ಇದ್ದದ್ದೂ ಇಷ್ಟೇ, ಅದಕ್ಕೇನು ಕೊಂಬಿರಲಿಲ್ಲ. ಪೆಟ್ಟಿಗೆ ತಯಾರಾಗುವಾಗಲೇ ಅದರ ಹೊಟ್ಟೆಯೊಳಗೆ ಕಂಪನಿಯ ಬಹಿರಂಗ ಕೀಲಿಯನ್ನು ಇಟ್ಟು, ಇವರನ್ನು ನಂಬು ಎಂದು ಹೇಳಿ ಕಳಿಸಿದ್ದರು. ಆ ಜಾಗದಲ್ಲಿ ಈಗ ಗದಗಿನ ಕೀಲಿ ಇಡಬೇಕು.

"ಇಡೂದೇನು, ಇಲ್ಲಿಂದ ಕಳಿಸಿಬಿಡ್ರಿ," ಎಂದರು ಗೌಡರು.

"ಅದಽ ಬರೂದಿಲ್ಲರಿ. ಹೊಸಬರನ್ನ ನಂಬು ಅಂತ ತಂತಿ ಮ್ಯಾಲೆ ಹೇಳಿದ್ರ ಪೆಟ್ಟಿಗಿ ಕೇಳೂದಿಲ್ಲ. ಕೇಳಲೂಬಾರದು. ಪ್ರತಿ ಮನಿಗೂ ಮನಷ್ಯಾ ಹೋಗಬೇಕು, ಕೈಯಾರೆ ಇಡಬೇಕು. ರೋಗಿ ತಾನಽ ನೋಡಿ, ಹೌದು ಇದು ನಮ್ಮದು ಅಂತ ಗುಂಡಿ ಒತ್ತಬೇಕು."

ಪರದೆಯ ಮೇಲಿನ ಚುಕ್ಕೆಗಳನ್ನು ಗೌಡರು ಒಮ್ಮೆ ಈ ಕಡೆಯಿಂದ ಆ ಕಡೆಗೆ ನೋಡಿದರು. ನರಗುಂದದಿಂದ ಶಿರಹಟ್ಟಿಯವರೆಗೆ ಚೆಲ್ಲಿದ ಜೋಳದಂತೆ ಹರಡಿದ್ದವು. "ಕಣಗಿನಹಾಳದಾಗ ನಮ್ಮ ಹಿರ್ಯಾರು ನಾಡಿನ ಮೊದಲ ಸಹಕಾರ ಸಂಘ ಕಟ್ಟಿದಾಗೂ ಮಂದಿ ನಕ್ಕಿರಬೇಕು," ಎಂದು ಮೆಲ್ಲಗೆ ಅಂದುಕೊಂಡರು. ಆಮೇಲೆ ಎದ್ದು ನಿಂತು, "ಮಾಡ್ರಿ. ನರ್ಸುಗಳನ್ನ ನಾನು ಒಪ್ಪಸ್ತೇನಿ," ಎಂದರು.

ವಿಶಾಲಾಕ್ಷಿಯ ಮನೆ ಬೆಟಗೇರಿಯ ನೇಕಾರರ ಓಣಿಯಲ್ಲಿತ್ತು. ಗಂಡ ತೀರಿಕೊಂಡ ಮೇಲೂ ಆಕೆ ಅತ್ತೆ ಪಾರವ್ವನ ಜೊತೆಗೇ ಉಳಿದಿದ್ದಳು. ಪಾರವ್ವ ಮೊದಲು ಸೀರೆ ನೇಯುತ್ತಿದ್ದವಳು. ಈಗ ವಾರದಲ್ಲಿ ಹಲವು ಮಧ್ಯಾಹ್ನ ಸೋಸುಪೆಟ್ಟಿಗೆಯ ಪಕ್ಕದಲ್ಲಿ ಕೈ ಚಾಚಿ ಮಲಗಬೇಕಿತ್ತು. ಅತ್ತೆ ಮಲಗಿದ್ದಾಗ ಸೊಸೆ ಹತ್ತಿರ ಕೂತು ಲ್ಯಾಪ್‌ಟಾಪಿನಲ್ಲಿ ಹೊಸ ಕೆಲಸದ ತಯಾರಿ ನಡೆಸಿದಳು. ಪ್ರತಿಯೊಂದು ಕೀಲಿಗೂ ಬೆರಳಚ್ಚು ಎಂಬುದೊಂದಿರುತ್ತದೆ. ಕೀಲಿಯನ್ನು ಲೆಕ್ಕದಲ್ಲಿ ಹಾಯಿಸಿ ತೆಗೆದ ಸಣ್ಣ ಗುರುತು ಅದು. ಕೀಲಿ ಒಂದಿಷ್ಟು ಬದಲಾದರೂ ಬೆರಳಚ್ಚು ಪೂರ್ತಿ ಬೇರೆಯಾಗುತ್ತದೆ. ರೋಗಿ ಹೋಲಿಸಿ ನೋಡಬೇಕಾದದ್ದು ಅದನ್ನೇ. ಮಾದರಿಯ ಬೆರಳಚ್ಚನ್ನು ಆಕೆ ಪೆಟ್ಟಿಗೆಯ ಪರದೆಯ ಮೇಲೆ ಮೂಡಿಸಿದಳು. ಇಂಗ್ಲಿಷ್ ಅಕ್ಷರಗಳೂ ಅಂಕಿಗಳೂ ಇರುವೆ ಸಾಲಿನಂತೆ ಹರಿದವು.

"ಅತ್ತೀ, ಇದನ್ನ ನೋಡಿ ಹೌದೋ ಅಲ್ಲೋ ಅಂತ ಹೇಳಬೇಕ್ರಿ ನೀವು."

ಪಾರವ್ವ ಕಣ್ಣು ಕಿರಿದು ಮಾಡಿದಳು. "ನನಗ ಕನ್ನಡಾನಽ ಓದಾಕ ಬರೂದಿಲ್ಲ. ಇದನ್ನ ಯಾರಿಗೆ ಮಾಡಿದ್ದಿ, ಬೇ? ಹುಬ್ಬಳ್ಳಿ ಸಾಹೇಬಗ?"

ವಿಶಾಲಾಕ್ಷಿಗೆ ಸಿಟ್ಟು ಬಂತು. ಸಿಟ್ಟು ಅತ್ತೆಯ ಮೇಲಲ್ಲ, ತನ್ನ ಮೇಲೆಯೇ. ಗುಂಡಿ ಒತ್ತುವವರು ಓದಬಲ್ಲವರೇ ಎಂದು ಆಕೆ ಯಾಕೆ ಅಂದುಕೊಂಡಿದ್ದಳು? ಓದಲಾರದವರು ಕಣ್ಣು ಮುಚ್ಚಿ ಒತ್ತುತ್ತಾರೆ, ಓದಬಲ್ಲವರೂ ಬೇಸತ್ತು ಒತ್ತುತ್ತಾರೆ. ಹಾಗೆ ಒತ್ತಿಸಿಕೊಂಡರೆ ಈ ಏರ್ಪಾಡೆಲ್ಲ ಹೆಸರಿಗಷ್ಟೇ.

"ಅತ್ತೀ, ಮಾತಿನ್ಯಾಗ ಹೇಳಿದ್ರ? ಪೆಟ್ಟಿಗಿ ಬಾಯಿಬಿಟ್ಟು ಒಂದಿಷ್ಟು ಮಾತು ಹೇಳ್ತೇತಿ ಅಂತ ಇಟಗೋರಿ. ಒಳ್ಳು, ಬೆಲ್ಲ, ನೇಗಿಲು, ಹಿಂಗ."

"ಹಂಗಾದ್ರ ಹಾಡಿನಗತೆ ನೆನಪಿಡ್ತೇನಿ. ಸೀರಿ ಬುಟ್ಟಾದ ಲೆಕ್ಕಾ ನಾವು ಹಂಗಽ ಇಡ್ತಿದ್ವಿ."

ಅಂಕಿಗಳನ್ನು ಮಾತಾಗಿಸಲು ಎರಡು ಸಾವಿರದಷ್ಟು ಪದಗಳು ಬೇಕಿದ್ದವು. ಪಾರವ್ವ ಮಲಗಿದಲ್ಲಿಂದಲೇ ಹೇಳುತ್ತ ಹೋದಳು, ಸೊಸೆ ಕಂಪ್ಯೂಟರಿಗೆ ತುಂಬುತ್ತ ಹೋದಳು. ರುಬ್ಬುವ ಒಳ್ಳಿನಿಂದ ಹಿಡಿದು ಅಡಿಗೆ ಮನೆಯವು, ಹೊಲದವು, ಮಗ್ಗದವು, ಹಕ್ಕಿಗಳವು. ಅಕ್ಕಿ ಇದ್ದರೆ ಹಕ್ಕಿ ಬೇಡ, ಕಾಲು ಇದ್ದರೆ ಕಾಳು ಬೇಡ, ಕಿವಿಗೆ ಒಂದೇ ಎನಿಸುತ್ತವೆ ಎಂದು ತೆಗೆಸಿದವಳೂ ಪಾರವ್ವನೇ. ಬೈಗುಳಗಳು ಬೇಡವೆಂದು ವಿಶಾಲಾಕ್ಷಿ ತೆಗೆದಾಗ ಮಾತ್ರ, "ಅವು ಭಾಳ ನೆನಪಿರ್ತಾವ ನೋಡು," ಎಂದು ಮುದುಕಿ ನಕ್ಕಳು.

ಕೀಲಿ ಹುಟ್ಟಿಸುವ ಕೆಲಸವನ್ನು ಹಾಡುಹಗಲೇ, ಸಹಕಾರ ಭವನದಲ್ಲಿ, ಜನರ ಎದುರಿಗೇ ಮಾಡಬೇಕೆಂದು ವಿಶಾಲಾಕ್ಷಿ ಹಟ ಹಿಡಿದಳು. ಗುಟ್ಟಿನ ಕೀಲಿಯನ್ನು ಯಾರೂ ನೋಡಬಾರದು, ಆದರೆ ಅದು ಹುಟ್ಟಿದ ಬಗೆಯನ್ನು ಎಲ್ಲರೂ ನೋಡಬೇಕು. ವೇದಿಕೆಯ ಮೇಲೆ ಒಂದೇ ಒಂದು ಕಂಪ್ಯೂಟರು. ಅದಕ್ಕೆ ಜಾಲದ ತಂತಿಯಿಲ್ಲ, ನಿಸ್ತಂತು ಸಂಪರ್ಕವೂ ಇಲ್ಲ. ಒಳಗಿನ ರೇಡಿಯೊ ಬಿಲ್ಲೆಯನ್ನು ಎಲ್ಲರ ಮುಂದೆ ಕಿತ್ತು ತಟ್ಟೆಯಲ್ಲಿಟ್ಟು ತೋರಿಸಿದರು.

ಒಳ್ಳೆಯ ಕೀಲಿಗೆ ಯಾರೂ ಊಹಿಸಲಾರದ ಅಂಕಿಗಳು ಬೇಕು. ಅದಕ್ಕೆ ಚೌಕಾಬಾರದ ಕವಡೆಗಳನ್ನು ತರಿಸಿದ್ದರು. ಜಿಲ್ಲೆಯ ಎಲ್ಲ ಕಡೆಯಿಂದ ಬಂದ ರೋಗಿಗಳು, ಅವರ ಮನೆಯವರು ಸಾಲಾಗಿ ಬಂದು ಕವಡೆ ಎಸೆದರು. ಬಿದ್ದ ಬಗೆಯನ್ನು ಕಂಪ್ಯೂಟರಿಗೆ ತುಂಬಿ, ಯಂತ್ರ ತಾನೇ ಆರಿಸಿದ ಅಂಕಿಗಳೊಂದಿಗೆ ಕಲಸಿದರು. ಕವಡೆ ಎಸೆದ ಹೆಂಗಸೊಬ್ಬಳು, "ನನ್ನ ಗರಾನೂ ಅದರಾಗ ಬಿತ್ತಲ್ಲ?" ಎಂದು ಕೇಳಿದಳು.

"ಬಿತ್ರೆವ್ವಾ. ನಿಮ್ಮದು ಇಲ್ಲದಿದ್ರ ಈ ಕೀಲಿ ಬ್ಯಾರೇನಽ ಆಗ್ತಿತ್ತು," ಎಂದಳು ವಿಶಾಲಾಕ್ಷಿ. ಅದು ಅಕ್ಷರಶಃ ನಿಜ.

ಗುಟ್ಟಿನ ಕೀಲಿಯನ್ನು ಐದು ಪಾಲು ಮಾಡಿದರು. ಯಾರಾದರೂ ಮೂವರು ಕೂಡಿದರೆ ಕೀಲಿ ತೆರೆಯುತ್ತದೆ, ಇಬ್ಬರ ಕೈಯಲ್ಲಿ ಅದು ಬರೀ ಕಸ. ಫಕೀರಗೌಡರು, ರಜಿಯಾ, ನೇಕಾರರ ಸಂಘದ ಮುಖಂಡರು, ಬಾಲಕಿಯರ ಶಾಲೆಯ ಹೆಡ್‌ಮಾಸ್ತರಬಾಯಿ, ರೋಗಿಗಳ ಪರವಾಗಿ ಒಬ್ಬರು, ಹೀಗೆ ಐವರು ಒಂದೊಂದು ಪಾಲು ಪಡೆದರು. ಗೌಡರು ವಿಶಾಲಾಕ್ಷಿಯನ್ನು ಪಕ್ಕಕ್ಕೆ ಕರೆದು, "ಪೂರ್ತಿದೊಂದು ನಕಲು ನನ್ನ ತಿಜೋರ್ಯಾಗ ಇರಲಿ. ಆಪತ್ತಿಗೆ ಬೇಕಾಗ್ತೇತಿ," ಎಂದರು.

"ನಾಳೆ ಯಾರರೆ ನಿಮ್ಮ ಮೊಮ್ಮಗಳ ಕುತಗಿಗೆ ಚಾಕು ಹಿಡಿದು ಕೇಳಿದ್ರ ಏನ್ ಮಾಡ್ತೀರಿ ಗೌಡ್ರ?"

ಗೌಡರು ತಿಜೋರಿಯ ಮಾತು ಅಲ್ಲಿಗೇ ಬಿಟ್ಟರು. ಆಮೇಲೆ ಕೇಳಿದರು: "ನಿಮ್ಮ ಪಾಲು ಯಾವುದು?"

"ನನಗ ಪಾಲಿಲ್ರಿ. ದಿನಾ ಸರ್ವರ್ ಮುಂದ ಕೂಡಾಕಿ ನಾನು. ನನ್ನ ಕೈಯಾಗ ಅದು ಇರಬಾರದು."

ದಿನದ ಕೆಲಸಕ್ಕೆಂದು ಆ ಗುಟ್ಟಿನ ಮೂಲಕೀಲಿಯಿಂದ ಸಹಿ ಪಡೆದ ಒಂದು ಕಿರಿಯ ಕೀಲಿಯನ್ನು ಆಕೆಗೆ ಕೊಟ್ಟರು. ಸರ್ವರುಗಳ ಪ್ರಮಾಣಪತ್ರಕ್ಕೆ ಇನ್ನು ಮೇಲೆ ಅದು ಸಹಿ ಹಾಕುತ್ತದೆ. ಅದು ಕಳುವಾದರೆ ರದ್ದು ಮಾಡಿ ಇನ್ನೊಂದು ಹುಟ್ಟಿಸಬಹುದು, ಯಾರ ಮನೆಗೂ ಮತ್ತೆ ಹೋಗಬೇಕಾಗಿಲ್ಲ. ಮೂಲದ ಕಂಪ್ಯೂಟರನ್ನು ಎಲ್ಲರ ಕಣ್ಣೆದುರು ಆರಿಸಿ, ಮೊಹರು ಹಾಕಿ, ಭದ್ರತಾ ಕೋಣೆಯಲ್ಲಿ ಇಟ್ಟರು.

ಕೊನೆಗೆ ದೊಡ್ಡ ಪರದೆಯ ಮೇಲೆ ಬಹಿರಂಗ ಕೀಲಿಯ ಬೆರಳಚ್ಚು ಮೂಡಿತು. ಭವನದ ಧ್ವನಿವರ್ಧಕ ಓದಿತು: "ಒಳ್ಳು, ನವಣಿ, ತಕ್ಕಡಿ, ಬಾಗಿಲು, ಕುಸುಬಿ, ಹಗ್ಗ, ಮಜ್ಜಿಗಿ, ಗಿಳಿ, ಚಾಪಿ, ಬೆಲ್ಲ, ನೇಗಿಲು, ದೀಪ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಜನ ಬಾಯೊಳಗೇ ಅದನ್ನು ಹೇಳಿಕೊಳ್ಳುತ್ತಿದ್ದರು. ಸಾಲಿನಿಂದ ಸಾಲಿಗೆ ಆ ಗುನುಗು ಹಬ್ಬಿದ್ದನ್ನು ವಿಶಾಲಾಕ್ಷಿ ವೇದಿಕೆಯ ಮೂಲೆಯಲ್ಲಿ ನಿಂತು ಕೇಳಿದಳು. ತನ್ನ ಕೆಲಸಕ್ಕೆ ಇಂಥ ಸದ್ದು ಇರಬಹುದೆಂದು ಆಕೆಗೆ ಗೊತ್ತಿರಲಿಲ್ಲ.

ಊರೂರಿನ ಬಸ್ ನಿಲ್ದಾಣದಲ್ಲಿ, ಪಂಚಾಯಿತಿ ಗೋಡೆಯ ಮೇಲೆ ಆ ಹನ್ನೆರಡು ಮಾತುಗಳನ್ನು ಬಣ್ಣದಲ್ಲಿ ಬರೆಸಿದರು. ಆಕಾಶವಾಣಿ ಓದಿತು. ನರ್ಸುಗಳು ಮನೆಮನೆಗೆ ಹೋದರು. ಹೊಳೆಆಲೂರಿನ ಹತ್ತಿರದ ಒಂದು ಹಳ್ಳಿಯಿಂದ ಮಾತ್ರ ದೂರು ಬಂತು: ಯಮನೂರಪ್ಪ ಎಂಬ ನಿವೃತ್ತ ಬಸ್ ಡ್ರೈವರ್ ಪೆಟ್ಟಿಗೆ ಮುಟ್ಟಗೊಡುತ್ತಿಲ್ಲ. ವಿಶಾಲಾಕ್ಷಿಯೇ ಹೊರಟಳು.

ಯಮನೂರಪ್ಪ ಬಾಗಿಲಿಗೆ ಅಡ್ಡ ನಿಂತಿದ್ದ. "ನೀವು ಕೇಂದ್ರದವ್ರು ಅಂತ ನನಗ ಹೆಂಗ ಗೊತ್ತಾಗಬೇಕ್ರಿ? ಅಂಗಿ ಯಾರು ಬೇಕಾದ್ರೂ ಹೊಲಿಸ್ಕೋತಾರ."

"ಗೊತ್ತಾಗೂದಿಲ್ರಿ," ಎಂದಳು ವಿಶಾಲಾಕ್ಷಿ. "ನನ್ನ ನಂಬಬ್ಯಾಡ್ರಿ. ಪೆಟ್ಟಿಗಿ ಹೇಳೂ ಮಾತು, ನಿಮ್ಮೂರ ಗ್ವಾಡಿ ಮ್ಯಾಲಿನ ಮಾತು ಒಂದಽ ಅದಾವೇನು, ಅಷ್ಟ ನೋಡ್ರಿ."

ಅವನು ಪೆಟ್ಟಿಗೆಯ ಮಾತುಗಳನ್ನು ಎರಡೆರಡು ಸಲ ಹೇಳಿಸಿದ. ಆಕೆಯನ್ನು ಕಟ್ಟೆಯ ಮೇಲೆ ಕೂಡಿಸಿ, ಚಪ್ಪಲಿ ಮೆಟ್ಟಿ, ಪಂಚಾಯಿತಿಯವರೆಗೆ ನಡೆದು ಹೋಗಿ ನೋಡಿದ. ಅಷ್ಟಕ್ಕೂ ಬಿಡದೆ ಬೇರೆ ಊರಿನ ತನ್ನ ತಂಗಿಗೆ ಫೋನ್ ಹಚ್ಚಿ ಅವಳ ಊರಿನ ಗೋಡೆಯನ್ನೂ ಓದಿಸಿದ. ಬಿಸಿಲಲ್ಲಿ ಕಾಯುತ್ತ ಕೂತ ವಿಶಾಲಾಕ್ಷಿಗೆ ಬೇಸರವೇ ಆಗಲಿಲ್ಲ. ಅವನು ಹಿಂದಿರುಗಿ ಬಂದು ಗುಂಡಿ ಒತ್ತಿದಾಗ ಆಕೆ ಎದ್ದು ನಿಂತು ಕೈಮುಗಿದಳು. "ಎಲ್ಲಾರೂ ನಿಮ್ಮಂಗ ಇದ್ರ ನಾನು ಅರಾಮ ಇರಬಹುದು ನೋಡ್ರಿ."

ಯುಗಾದಿ ಬಂತು. ಹಳೆಯ ಸಹಿಯ ಅವಧಿ ಮುಗಿಯಿತು. ಬೇರೆ ಎಷ್ಟೋ ಕಡೆ ಯಂತ್ರಗಳು ಮೂಕವಾಗಿ, ರೋಗಿಗಳನ್ನು ದೊಡ್ಡ ಆಸ್ಪತ್ರೆಗಳಿಗೆ ಸಾಗಿಸಿದ ಸುದ್ದಿ ಬರತೊಡಗಿತು. ಗದಗಿನ ಪರದೆಯ ಮೇಲೆ ಹಸಿರು ಚುಕ್ಕೆಗಳು ಒಂದೂ ಆರಲಿಲ್ಲ. ಫಕೀರಗೌಡರು ಬೇವು ಬೆಲ್ಲದ ಬಟ್ಟಲು ಹಿಡಿದು ಕೊಠಡಿಯ ತುಂಬ ಓಡಾಡಿ ಎಲ್ಲರ ಬಾಯಿಗೂ ಹಾಕಿದರು.

ಅಪಾಯ ಬಂದದ್ದು ಆಮೇಲೆ, ಎಲ್ಲರೂ ಮೈಮರೆತ ಕಾಲಕ್ಕೆ. ಒಂದು ಮಧ್ಯಾಹ್ನ ಮುಂಡರಗಿ ಕಡೆಯ ಎರಡು ಚುಕ್ಕೆಗಳು ಪರದೆಯಿಂದ ಮಾಯವಾದವು. ಕರೆಂಟು ಹೋಗಿರಬೇಕೆಂದು ವಿಶಾಲಾಕ್ಷಿ ವಿಚಾರಿಸುತ್ತಿರುವಾಗಲೇ ಫೋನ್ ಬಂತು. ಪಾರವ್ವ.

"ವಿಶಾಲಿ, ಪೆಟ್ಟಿಗಿ ಹಾಡು ಕೆಟ್ಟೇತಿ."

"ಏನಾತ್ರಿ ಅತ್ತೀ?"

"ಇಬ್ಬರು ಬಂದಾರ. ನಿಮ್ಮಂಥಾದ್ದ ಅಂಗಿ. ಕೀಲಿ ಹೊಸದು ಮಾಡಬೇಕು, ಗುಂಡಿ ಒತ್ತು ಅಂದ್ರು. ಪೆಟ್ಟಿಗಿ ಒಳ್ಳು, ನವಣಿ ಅಂತು, ಆಮ್ಯಾಲೆ ಕೊಡ್ಲಿ ಅಂತು. ನಮ್ಮದ್ರಾಗ ಕೊಡ್ಲಿ ಎಲ್ಲೇತಿ? ಕಡೀಕ ಮತ್ತ ದೀಪಾ ಅಂತು. ನಾನು ಒತ್ತಿಲ್ಲ. ಚಾ ಕುಡೀರಿ ಅಂತ ಪಡಸಾಲ್ಯಾಗ ಕೂಡ್ಸೇನಿ."

ವಿಶಾಲಾಕ್ಷಿಗೆ ಕೂಡಲೇ ಎಲ್ಲ ತಿಳಿಯಿತು. ಯಾರೋ ಕೋಟಿಗಟ್ಟಲೆ ಸುಳ್ಳು ಕೀಲಿಗಳನ್ನು ಹುಟ್ಟಿಸಿ, ಮೊದಲಿನ ಎರಡು ಮಾತು ಮತ್ತು ಕೊನೆಯದು ಗದಗಿನದನ್ನೇ ಹೋಲುವ ಒಂದನ್ನು ಹೆಕ್ಕಿದ್ದರು. ಹನ್ನೆರಡೂ ಹೊಂದುವಂತೆ ಮಾಡುವುದು ಯಾವ ಯಂತ್ರಕ್ಕೂ ಆಗದ ಕೆಲಸ, ಮೂರನ್ನು ಹೊಂದಿಸಬಹುದು. ಜನ ಆದಿ ಅಂತ್ಯ ಕೇಳಿ ಒತ್ತಿಬಿಡುತ್ತಾರೆಂಬುದು ಅವರ ಎಣಿಕೆ. ಒತ್ತಿದ ಮನೆಯ ಪೆಟ್ಟಿಗೆ ಅಲ್ಲಿಂದ ಮುಂದೆ ಅವರ ಮಾತು ಕೇಳುತ್ತದೆ. ಜೀವ ಬೇಕಾದರೆ ಇಷ್ಟು ಕೊಡು ಎಂದು ಕೇಳಬಹುದು.

"ಅತ್ತೀ, ಮಗ್ಗದ ಮನಿ ಮಂದೀನ್ನ ಕರೀರಿ. ಅವ್ರನ್ನ ಬಿಡಬ್ಯಾಡ್ರಿ." ಪೊಲೀಸರಿಗೆ ಹೇಳಲು ಗೌಡರಿಗೆ ಒಂದು ಕೂಗು ಹಾಕಿ ಆಕೆ ಎಲ್ಲ ಪೆಟ್ಟಿಗೆಗಳಿಗೂ ಎಚ್ಚರಿಕೆಯ ಮಾತು ಕಳಿಸಿದಳು: ಯಾರು ಬಂದರೂ ಗುಂಡಿ ಒತ್ತಬೇಡಿ. ಗದಗಿನ ಸಹಿಯಿದ್ದ ಆ ಮಾತನ್ನು ಪೆಟ್ಟಿಗೆಗಳು ಮನೆಮನೆಯಲ್ಲೂ ಗಟ್ಟಿಯಾಗಿ ಹೇಳಿದವು. ಆಗಲೇ ಗುಂಡಿ ಒತ್ತಿಬಿಟ್ಟಿದ್ದ ಮುಂಡರಗಿಯ ಎರಡು ಪೆಟ್ಟಿಗೆಗಳಿಗೆ ಮಾತ್ರ ಅದು ಮುಟ್ಟುವಂತಿರಲಿಲ್ಲ. ರಜಿಯಾ ಆ ಮನೆಗಳಿಗೆ ಫೋನ್ ಹಚ್ಚಿದರು. ಒಂದು ಮನೆಯಲ್ಲಿ ಪೆಟ್ಟಿಗೆ ಖಾಲಿ ಕೂತಿತ್ತು. ಇನ್ನೊಂದರಲ್ಲಿ ಫೋನ್ ಎತ್ತಿದ ಹುಡುಗಿಯ ತಾಯಿ ಮಲಗಿದ್ದಳು, ನಳಿಗೆಯಲ್ಲಿ ರಕ್ತ ಹರಿಯುತ್ತಿತ್ತು.

"ತಂಗಿ, ಹೆದರಬ್ಯಾಡ. ಮೊದಲ ಕೆಂಪು ಚಿಮಟಾ ಒತ್ತು. ಆಮ್ಯಾಲೆ ನೀಲಿದು. ಎರಡೂ ಬಿಗಿ ಆದ್ವಾ? ಈಗ ಸ್ವಿಚ್ ಆರಸು," ಎಂದು ರಜಿಯಾ ಒಂದೊಂದೇ ಹೇಳಿ ಮಾಡಿಸಿದರು. ನರ್ಸು ಆ ಮನೆ ತಲುಪಿ, ತಾಯಿ ಅರಾಮ ಇದ್ದಾಳೆ ಎಂದ ಮೇಲೆಯೇ ರಜಿಯಾ ಫೋನ್ ಇಟ್ಟರು. ಬೆಟಗೇರಿಯಲ್ಲಿ ನೇಕಾರರು ಅಷ್ಟರೊಳಗೆ ಇಬ್ಬರನ್ನೂ ಪೊಲೀಸರ ಕೈಗೆ ಕೊಟ್ಟಿದ್ದರು.

ಸಂಜೆ ಮನೆಗೆ ಬಂದ ವಿಶಾಲಾಕ್ಷಿ ಅತ್ತೆಯ ಕಾಲ ಹತ್ತಿರ ಕೂತಳು. "ಮೊದಲಿನವು ಬರೋಬ್ಬರಿ ಇದ್ವು. ಕಡೀದೂ ಬರೋಬ್ಬರಿ. ಆದ್ರೂ ನಡುವಿನವನ್ನ ಹೆಂಗ ಕೇಳಿದ್ರಿ?"

"ಸೆರಗು, ಅಂಚು ನೋಡಿ ತಗೊಳ್ಳೋರು ಬ್ಯಾರೆ, ನೇಯೋರು ಬ್ಯಾರೆ," ಎಂದಳು ಪಾರವ್ವ. "ನೇದಾಕಿ ಒಡಲು ನೋಡ್ತಾಳ." ಆಮೇಲೆ ಸೊಸೆಯ ತಲೆಯ ಮೇಲೆ ಕೈಯಿಟ್ಟಳು. "ನೀ ಅದನ್ನ ನನ್ನ ಕಿವಿಗೆ ತಿಳಿಯೂಹಂಗ ಮಾಡಿದ್ದಿ. ಅದಕ್ಕ ತಿಳೀತು."

ಆ ಸುದ್ದಿ ಹರಡಿದ ಮೇಲೆ ಕೊಪ್ಪಳದವರು ಬಂದರು. ಅವರ ಪೆಟ್ಟಿಗೆಗಳು ಯುಗಾದಿಯಿಂದ ಮೂಕವಾಗಿದ್ದವು, ರೋಗಿಗಳು ದಿನಗಟ್ಟಲೆ ಹುಬ್ಬಳ್ಳಿಯ ದಾರಿ ಸವೆಸುತ್ತಿದ್ದರು. ನಮ್ಮ ಸರ್ವರ್‌ಗೂ ನೀವೇ ಸಹಿ ಹಾಕಿ ಎಂದು ಕೇಳಿದರು. ಫಕೀರಗೌಡರ ಎದೆ ಉಬ್ಬಿತು. ಕೊಪ್ಪಳವಾದರೆ ನಾಳೆ ಹಾವೇರಿ, ನಾಡಿದ್ದು ಬಳ್ಳಾರಿ, ಕೊನೆಗೆ ಇಡೀ ನಾಡಿಗೇ ಗದಗಿನ ಸಹಿ.

ವಿಶಾಲಾಕ್ಷಿ ತಲೆಯಾಡಿಸಿದಳು. "ಎಲ್ಲಾರದೂ ಒಬ್ಬರ ಕೈಯಾಗಿದ್ದದ್ದಕ್ಕ ಈ ಫಜೀತಿ ಬಂತು, ಗೌಡ್ರ. ಮತ್ತ ಅದನ್ನಽ ನಾವು ಆಗೂದೇನ್ರಿ?" ಕೊಪ್ಪಳದವರತ್ತ ತಿರುಗಿದಳು. "ಸಹಿ ಹಾಕೂದಿಲ್ರಿ. ಹಾಕೂದನ್ನ ಕಲಸ್ತೇನಿ. ನಿಮ್ಮದು ನೀವಽ ಕಟ್ರಿ."

ಗೌಡರು ಅಂದು ಮುಖ ಗಂಟಿಕ್ಕಿಕೊಂಡೇ ಹೋದರು. ಮರುದಿನ ಕೊಪ್ಪಳಕ್ಕೆ ಹೋಗಲು ತಮ್ಮ ಕಾರನ್ನೇ ಕಳಿಸಿದರು.

ಅಲ್ಲಿನ ಎಂಜಿನಿಯರುಗಳಿಗೆ ವಿಶಾಲಾಕ್ಷಿ ಎಲ್ಲವನ್ನೂ ಕಲಿಸಿದಳು. ಕೀಲಿ ಹುಟ್ಟುವ ದಿನ ಮಾತ್ರ ವೇದಿಕೆ ಹತ್ತಲಿಲ್ಲ. ಹಿಂದಿನ ಸಾಲಿನಲ್ಲಿ, ಯಾರಿಗೂ ಗುರುತಿಲ್ಲದ ಹೆಂಗಸಿನಂತೆ ಕೂತಳು. ಅವರು ತಮ್ಮದೇ ರೀತಿಯಲ್ಲಿ ಮಾಡಿದರು. ಕಿನ್ನಾಳದ ಬಣ್ಣದ ಗೊಂಬೆಗಳನ್ನು ಬುಟ್ಟಿಯಲ್ಲಿ ಹಾಕಿ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡವರಿಂದ ಒಂದೊಂದಾಗಿ ಎತ್ತಿಸಿದರು. ತಡವಾಯಿತು, ಗದ್ದಲವಾಯಿತು, ಒಂದೆರಡು ಸಲ ಮೊದಲಿನಿಂದ ಶುರು ಮಾಡಬೇಕಾಯಿತು. ಎದ್ದು ಹೋಗಿ ಸರಿಪಡಿಸಬೇಕೆಂದು ಆಕೆಯ ಕೈ ತುರಿಸಿತು. ಹೋಗಲಿಲ್ಲ.

ಕೊನೆಗೆ ಪರದೆಯ ಮೇಲೆ ಕೊಪ್ಪಳದ ಹನ್ನೆರಡು ಮಾತುಗಳು ಮೂಡಿದವು. ಪಕ್ಕದಲ್ಲಿ ಕೂತಿದ್ದ ಮುದುಕ, ಸೂಜಿ ಚುಚ್ಚಿ ಚುಚ್ಚಿ ಗಂಟಾದ ತೋಳನ್ನು ನೀವಿಕೊಳ್ಳುತ್ತ, ಆಕೆಯ ಕಡೆ ಬಾಗಿದ.

"ಕೇಳಿದ್ರೇನವ್ವಾ? ಗದಗಿನವರವೂ ಕೇಳೇನಿ ನಾನು ರೇಡಿಯೋದಾಗ. ಅವಕ್ಕಿಂತ ನಮ್ಮವಽ ಛಲೋ ಅದಾವ."

ವಿಶಾಲಾಕ್ಷಿ ಪರದೆಯನ್ನು ಇನ್ನೊಮ್ಮೆ ಮೇಲಿನಿಂದ ಕೆಳಗೆ, ಒಂದೂ ಬಿಡದೆ ಓದಿದಳು.

"ಹೌದ್ರಿ ಯಜ್ಜಾ," ಎಂದಳು. "ಭಾಳ ಛಲೋ ಅದಾವ."